ಐದನೆಯ ಮನೆಯ ಬಾಗಿಲು

ಬೆಳಕು ಹರಿಯುವ ಮುನ್ನವೇ ಗಾದಿಲಿಂಗಪ್ಪ ಗಂಗಾವತಿ ಸಮೀಪದ ಮರಳಿಯಲ್ಲಿ ನಾಲ್ಕು ಬಾಗಿಲು ತಟ್ಟಿ ಮುಗಿಸಿದ್ದಾನೆ. ೧೯೪೪ರ ಈ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂದಿದೆ. ತಹಸೀಲು ಕಚೇರಿಯವರು ಮಾತ್ರ ರೋಗವೇ ಇಲ್ಲ, ಸಾವಿನ ಸುದ್ದಿಯೆಲ್ಲ ಸುಳ್ಳು ಎನ್ನುತ್ತಾರೆ. ತಳವಾರ ಹೇಳಿದ ಸತ್ತವರ ಹೆಸರು ಐದು. ನಾಲ್ಕು ನಿಜ. ಐದನೆಯ ಮನೆ ಗದ್ದೆಗಳಾಚೆ, ಕಾಲುವೆಯ ದಂಡೆಯ ಮೇಲಿದೆ. ಟಪಾಲು ಒಯ್ಯುವ ಕೊಪ್ಪಳದ ಮೋಟಾರು ಇನ್ನೇನು ಹೊರಡಲಿದೆ. ‘ಮತ್ತೊಮ್ಮೆ ತಡವಾದರೆ ಬೇರೆ ಬಾತ್ಮೀದಾರರನ್ನು ನೋಡಿಕೊಳ್ಳುತ್ತೇವೆ’ ಎಂದು, ಅವನು ಸುದ್ದಿ ಬರೆದು ಕಳಿಸುವ ಹುಬ್ಬಳ್ಳಿಯ ವಾರಪತ್ರಿಕೆಯ ಸಂಪಾದಕರು ಬರೆದಿದ್ದಾರೆ.

ಇಪ್ಪತ್ತಮೂರರ ಈ ಯುವಕ ಓದಿದ್ದು ನಿಜಾಮರ ಸೀಮೆಯ ಉರ್ದು ಶಾಲೆಯಲ್ಲಿ; ಕನ್ನಡ ಅಕ್ಷರಗಳನ್ನು ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದರು. ಎರಡು ವರ್ಷಗಳಲ್ಲಿ ಕಳುಹಿಸಿದ ಸುದ್ದಿ ನೂರಾಹದಿನೆಂಟು, ಅಚ್ಚಾದದ್ದು ನಲವತ್ತೊಂದು.

ಅವುಗಳಲ್ಲೊಂದು ಇಂದಿಗೂ ಅವನನ್ನು ಚುಚ್ಚುತ್ತದೆ. ಗಾಡಿಯವನೊಬ್ಬನ ಮಾತು ನಂಬಿ, ನವಲಿಯ ಶೇಖರಮ್ಮ ತೀರಿಕೊಂಡಳೆಂದು ಬರೆದಿದ್ದ. ತಾವರಗೇರಾದ ಅಂಗಡಿಕಟ್ಟೆಯಲ್ಲಿ ಅದನ್ನು ಓದಿಸಿ ಕೇಳಿದ ಅವಳ ಅಣ್ಣಂದಿರು, ಶವಕ್ಕೆ ಹೊದಿಸುವ ತವರಿನ ಸೀರೆ ಹಿಡಿದು ಅಳುತ್ತ ಬಂದರು. ಶೇಖರಮ್ಮ ರೊಟ್ಟಿ ಬಡಿಯುತ್ತಿದ್ದಳು! ತಪ್ಪೊಪ್ಪಿಕೊಳ್ಳಲು ಹೋದವನಿಗೆ ಆಕೆ, “ಬಾರೋ ಅಪ್ಪಾ! ಸತ್ತಾಕಿ ಕೈಯಾಗಿನ ರೊಟ್ಟಿ ತಿಂತೀಯೋ, ಇಲ್ಲಾ ಆ ಸೀರಿ ನೀನ ಉಟಗೊಂತೀಯೋ?” ಎಂದಳಂತೆ.

“ರೊಟ್ಟಿ ತಿಂದ್ನಿರಿ,” ಎನ್ನುತ್ತಾನೆ ಗಾದಿಲಿಂಗಪ್ಪ. ಅಂದಿನಿಂದ, ಸತ್ತವರ ಹೊಸ್ತಿಲಿಗೆ ಹೋಗದೆ ಅವರ ಹೆಸರು ಬರೆದಿಲ್ಲ.

ಮೋಟಾರಿನ ಹಾರ್ನ್ ಕೇಳಿಸುತ್ತದೆ. ಡ್ರೈವರ್ ಕಳಕಪ್ಪ ಕೂಗುತ್ತಾನೆ: “ಬರ್ತೀಯೋ ಬಿಡ್ತೀಯೋ? ನಾಲ್ಕ ಹೆಣ ಸಾಲಂಗಿಲ್ಲೇನು ನಿನ್ನ ಪತ್ರಿಕಿಗೆ?”

“ಐದನೇದಾಂವ ಸತ್ತಿದ್ರ ಬಿಡಾಕ ಆಗಂಗಿಲ್ಲ, ಬದುಕಿದ್ರ ಬರಿಯಾಕ ಆಗಂಗಿಲ್ಲ. ನೀ ನಡಿ!”

ಗದ್ದೆಯ ಬದುಗಳ ಮೇಲೆ ಓಡುತ್ತಾನೆ. ಗುಡಿಸಲಿನೊಳಗೆ ಹಜರತಬೀ ಗಂಡನಿಗೆ ಗಂಜಿ ಕುಡಿಸುತ್ತಿದ್ದಾಳೆ.

“ಯಾರ ಬಂದಾರ?” ಯಮನೂರಸಾಬನ ದನಿ ಕ್ಷೀಣ.

“ನೀವು ಸತ್ತೀರೇನಂತ ಕೇಳಾಕ ಬಂದಾರ.”

“ಇನ್ನಾ ಇಲ್ಲ ಅಂತ ಹೇಳು.”

ಗಾದಿಲಿಂಗಪ್ಪ ಐದನೆಯ ಹೆಸರನ್ನು ಹೊಡೆದುಹಾಕುತ್ತಾನೆ. ಹಿಂತಿರುಗಿದಾಗ ರಸ್ತೆಯಲ್ಲಿ ಉಳಿದಿರುವುದು ಧೂಳು ಮಾತ್ರ. ಮುಂದಿನ ಮೋಟಾರು ನಾಳೆಗೆ. ಚೀಲವನ್ನು ಹೆಗಲಿಗೇರಿಸಿ ಕೊಪ್ಪಳದ ದಿಕ್ಕಿಗೆ ನಡೆಯತೊಡಗುತ್ತಾನೆ. ಬಾತ್ಮೀದಾರನ ಕೆಲಸ ಹೋದರೆ ಎಂದು ಕೇಳಿದರೆ, ನಡಿಗೆ ನಿಲ್ಲಿಸುವುದಿಲ್ಲ.

“ಹೋಗ್ಲಿ ಬಿಡ್ರಿ. ಮರಳಿಗೆ ಔಷಧಿ ಬಂದ್ರ ಸಾಕು. ಬದುಕಿರೋ ಒಬ್ಬನ್ನ ನಾ ಸತ್ತಾನಂತ ಬರದ್ರ, ಸತ್ತಿರೋ ನಾಲ್ವರ್ನೂ ಕಚೇರಿಯವರು ಬದುಕಿಸಿಬಿಡ್ತಾರ.”