ಹಳೇ ಪಟ್ಟಿ ಕೊಟ್ಟವನು

ಆಫೀಸಿನವರೆಲ್ಲ ಅವನನ್ನು ಹಲೋರಾಯ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಫೋನ್ ಕರೆ ಜೋಡಿಸಿಕೊಡುವ ಕೆಲಸ. ಯಾರ ಮೇಜಿಗೆ ಯಾವ ನಂಬರು ಅನ್ನುವುದೆಲ್ಲ ಬಾಯಿಪಾಠ. ಸಾಹೇಬರೇ ಆದರೂ ಅವನನ್ನು ಕೇಳದೆ ಪಕ್ಕದ ಕೋಣೆಗೆ ಮಾತಾಡುವಂತಿರಲಿಲ್ಲ. ಆ ಠೀವಿಯೇ ಬೇರೆ.

ಈಗ ಇಂಟರ್ನೆಟ್ ಫೋನು ಬಂತು. ಪರದೆ ಮೇಲೆ ಎಲ್ಲರ ಹೆಸರೂ ಇರುತ್ತದಂತೆ, ಹೆಸರು ಒತ್ತಿದರೆ ಅವರಿಗೇ ಹೋಗುತ್ತದಂತೆ. ಹಾಳಾಗಿ ಹೋಗಲಿ ಅಂದರೆ, ಅದನ್ನು ಜೋಡಿಸಲು ಬಂದವನು ಯಾರು? ಸ್ವಂತ ಷಡ್ಡಕ, ಹೆಂಡತಿಯ ತಂಗಿಯ ಗಂಡ! ಹೆಂಡತಿ ಮೂರು ಹೊತ್ತೂ ಹಾಡಿ ಹೊಗಳುವ ಅದೇ ಪುಣ್ಯಾತ್ಮ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ನೋಡಿದರೇ ಹಲೋರಾಯನ ಹೊಟ್ಟೆಯಲ್ಲಿ ಕೆಂಡ.

"ಭಾವ, ನಂಬರಿನ ಪಟ್ಟಿ ಕೊಡ್ತೀರಾ? ಒಂದ್ಸಲ ಕಂಪ್ಯೂಟರಿಗೆ ಹಾಕಿದ್ರೆ ಎಲ್ಲ ಫೋನಿಗೂ ಹೋಗುತ್ತೆ."

"ಓಹೋ, ಎಲ್ಲ ಬಲ್ಲವರಿಗೆ ನಮ್ಮ ಪಟ್ಟಿ ಯಾಕಪ್ಪಾ?" ಅಂದವನೇ ಡ್ರಾಯರ್ ಎಳೆದು, ಕೋಣೆಗಳೆಲ್ಲ ಅದಲುಬದಲಾಗುವ ಮುಂಚಿನ ಹಳೇ ಪಟ್ಟಿ ಎಸೆದ. ಬೇಕಂತಲೇ.

ಮಾರನೆಯ ಬೆಳಿಗ್ಗೆ ಸಾಹೇಬರು ಮೂರು ಫೈಲಿಗಾಗಿ ದಾಖಲೆ ಕೋಣೆಯ ಹೆಸರು ಒತ್ತಿ, "ಮೂರೂ ತಗೊಂಡು ಬನ್ನಿ, ಬೇಗ" ಅಂದರು. ಕ್ಯಾಂಟೀನಿನವನು ಮೂರು ಟೀ ತಂದಿಟ್ಟ.

ಎಲ್ಲೆಲ್ಲೂ ಇದೇ ಗದ್ದಲ. ಜನ ಮತ್ತೆ ಗಾಜಿನ ಗೂಡಿನ ಮುಂದೆ ಸಾಲುಗಟ್ಟಿದರು. ಹಲೋರಾಯನಿಗೆ ಹಾಲು ಕುಡಿದಷ್ಟು ಸಂತೋಷ.

ಸಾಹೇಬರು ಷಡ್ಡಕನನ್ನು ಎಲ್ಲರೆದುರೇ ತರಾಟೆಗೆ ತಗೊಂಡರು. ಅವನು ಪಟ್ಟಿಯ ಮೇಲಿದ್ದ ಹಳೇ ತಾರೀಖು ನೋಡಿದ, ಭಾವನ ಮುಖ ನೋಡಿದ.

"ತಪ್ಪು ನಂದೇ ಸಾರ್. ಒಂದೊಂದೂ ಒತ್ತಿ ನೋಡ್ಬೇಕಿತ್ತು."

"ಹೋಗ್ಲಿ ಬಿಡಿ," ಸಾಹೇಬರ ದನಿ ಇಳಿಯಿತು. "ಒಪ್ಪಿಕೊಳ್ಳೋ ಗುಣ ಎಷ್ಟು ಜನಕ್ಕಿರುತ್ತೆ?"

ಇದಕ್ಕೂ ಹೊಗಳಿಕೆಯಾ! ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ, ಹೆಂಡತಿ ವರ್ಷವಿಡೀ ಇದನ್ನೇ ಹಾಡುತ್ತಾಳೆ. ಹಲೋರಾಯನಿಗೆ ತಡೆಯಲಾಗಲಿಲ್ಲ.

"ಏ, ನಿಂದ್ಯಾವ ತಪ್ಪೋ! ಹಳೇ ಪಟ್ಟಿ ಕೊಟ್ಟೋನು ನಾನು. ಬೇಕಂತಲೇ ಕೊಟ್ಟೆ. ಬಂದುಬಿಟ್ಟ ದೊಡ್ಡ ಮನುಷ್ಯ!"

ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನಾಳೆಯಿಂದ ಟಪಾಲು ವಿಭಾಗಕ್ಕೆ ಹೋಗಿ. ಆ ಗೂಡು ಖಾಲಿ ಮಾಡಿ. ಅದಕ್ಕೆ ಮುಂಚೆ ಸರಿಯಾದ ನಂಬರು ಬರೆಸಿ."

ಇಬ್ಬರೂ ಒಂದೇ ಮೇಜಿಗೆ ಕೂತರು. ಹಲೋರಾಯ ಕಾಗದ ಮುಟ್ಟಲಿಲ್ಲ. ಕಣ್ಣು ಮುಚ್ಚಿ, ಒಂದೊಂದು ಮಹಡಿಯಾಗಿ, ತೊಂಬತ್ತಾರು ನಂಬರನ್ನೂ ಹೇಳುತ್ತಾ ಹೋದ. ಕೀಲಿಮಣೆ ಒತ್ತುತ್ತಿದ್ದ ಷಡ್ಡಕ ಹಿಂದೆ ಬಿದ್ದ.

"ಸ್ವಲ್ಪ ನಿಧಾನ ಭಾವ, ನನ್ನ ಕೈ ಅಷ್ಟು ಓಡಲ್ಲ."

ಹಲೋರಾಯ ಇನ್ನೂ ಬೇಗ ಬೇಗ ಹೇಳತೊಡಗಿದ.