ಮೆಕಾಂಗ್ ದಂಡೆಯಲ್ಲಿ ಅವ್ವನ ಖಾಲಿ ಬಾಟಲಿ

ಥಾಯ್ಲೆಂಡಿನ ನಖೋನ್ ಫನೋಮ್ ಪ್ರಾಂತ್ಯ ಮೆಕಾಂಗ್ ನದಿಗೆ ಒರಗಿ ಉದ್ದಕ್ಕೂ ಮಲಗಿದೆ. ಆಚೆ ದಂಡೆ ಲಾವೋಸ್ ದೇಶ. ಅಲ್ಲಿನ ಗುಡ್ಡಗಳು ಈಚೆಯಿಂದ ನೀಲಿಯಾಗಿ ಕಾಣುತ್ತವೆ. ಈಚೆ ಭತ್ತದ ಗದ್ದೆ, ಬೆರಳಿಗೆ ಅಂಟುವ ಅನ್ನ, ಸಂಜೆಯ ಸಂತೆ. ದಕ್ಷಿಣಕ್ಕೆ ಹೋದರೆ ಬುದ್ಧನ ಅಸ್ಥಿ ಇರುವ ಎತ್ತರದ ಬಿಳಿ ಸ್ತೂಪ. ಹುಬ್ಬಳ್ಳಿ ಬಿಟ್ಟು ಮೂರನೇ ದಿನಕ್ಕೆ ಅಲ್ಲಿಗೆ ಮುಟ್ಟಿದಾಗ ನನ್ನ ಸೊಂಟ ಬಿದ್ದುಹೋಗಿತ್ತು.

ಹೋಗಿದ್ದು ಅವ್ವನ ಹಟಕ್ಕೆ. ನಾವು ನವಲಗುಂದ ಕಡೆಯ ಬೌದ್ಧರು. ನಾನು ಹೈಸ್ಕೂಲ್ ಮಾಸ್ತರ. ಅವ್ವ ಎರೆಹೊಲಗಳಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು. ಸ್ತೂಪ ನೋಡಿ, ಆ ದೊಡ್ಡ ಹೊಳೆಯ ನೀರನ್ನು ತನ್ನ ಕೈಯಾರೆ ತುಂಬಿ ತರಬೇಕೆಂಬುದು ಅವಳ ಒಂದೇ ಆಸೆ. "ನೀ ತುಂಬಿ ಕೊಡೂದ ಬ್ಯಾಡ, ನಾನ ತುಂಬಾಕಿ" ಎಂದು ಊರಲ್ಲೇ ತಾಕೀತು ಮಾಡಿದ್ದಳು.

ಹೊಳೆಯ ಮೆಟ್ಟಿಲ ಮೇಲೆ ಅವಳನ್ನು ಬಿಟ್ಟು ನಾನು ಚಹಾ ಹುಡುಕಲು ಹೋದೆ. ಅರ್ಧ ತಾಸಿನ ಮೇಲೆ ಬಂದರೆ ಅವ್ವ ಇನ್ನೂ ಅಲ್ಲೇ, ಚಪ್ಪಲಿ ಕಳಚಿಟ್ಟು, ಖಾಲಿ ಬಾಟಲಿ ಹಿಡಿದು ಬಿಸಿಲಲ್ಲಿ ನಿಂತಿದ್ದಳು.

"ಯಾಕಬೇ ಯವ್ವಾ, ಇಳೀಲಿಲ್ಲ? ಕಾಲ ನೋಯಾಕತ್ತಾವೇನು?"

"ಇಲ್ಲಪಾ. ಯಾರರ ಬಂದು ನೀರ ಹಾಕ್ತಾರೇನು ಅಂತ ನಿಂತೇನಿ."

ನನಗೆ ಆಗ ಹೊಳೆಯಿತು. ಅವಳ ಹರೆಯದಲ್ಲಿ ನಮ್ಮ ಓಣಿಯವರು ಊರ ಕೆರೆಗೆ ಇಳಿಯುವಂತಿರಲಿಲ್ಲ. ಕೊಡ ಇಟ್ಟು ದೂರ ನಿಲ್ಲಬೇಕು. ಮೇಲಿನ ಓಣಿಯವರು ಯಾರಾದರೂ ಮನಸ್ಸು ಬಂದಾಗ ಎತ್ತಿ ಹೊಯ್ಯಬೇಕು.

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಅವಳ ಮೇಲೇ ರೇಗಿದೆ. "ಇಲ್ಲಿ ನಿನ್ನ ಯಾರ ಕೇಳ್ತಾರಬೇ?" ಎಂದು ಕೈಹಿಡಿದು ಇಳಿಸಿದೆ. ಕೊನೆಯ ಮೆಟ್ಟಿಲಲ್ಲಿ ಅವಳು ಕೈ ಬಿಡಿಸಿಕೊಂಡು, ಹಿಂದೆ ಮುಂದೆ ನೋಡಿ, ಬಾಟಲಿ ಮುಳುಗಿಸಿದಳು. ತುಂಬಿದ ಮೇಲೂ ನೀರಿನಿಂದ ಕೈ ತೆಗೆಯಲಿಲ್ಲ. ನಾನೂ ಅವಸರ ಮಾಡಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆ ಬಾಟಲಿ ಈಗ ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಪಕ್ಕದಲ್ಲಿದೆ. ಊರ ನಡುವಿನ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಈಗ ಅಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ನಿನ್ನೆ ಅವ್ವ ಎಲ್ಲರಿಗಿಂತ ಮೊದಲೇ ಹೋಗಿ, ಕೊಡ ಹಿಡಿದು ಒಂದು ಪಕ್ಕಕ್ಕೆ ನಿಂತಿದ್ದಳು.

"ಎಲ್ಲಾರದೂ ಆಗಲಿ, ತಡಿ" ಅಂದಳು, ನಾನು ಹೋಗಿ ಕೊಡಕ್ಕೆ ಕೈ ಹಾಕಿದಾಗ.

ರೇಗಲು ನನ್ನಲ್ಲಿ ತ್ರಾಣ ಇರಲಿಲ್ಲ. ನಾನೂ ಅವಳ ಪಕ್ಕ ನಿಂತೆ.