ಪುಂಡಿಪಲ್ಯಕ್ಕೆ ಬಿದ್ದ ಸರ್ಕಾರಿ ಮೊಹರು

ಎಂಬತ್ತರ ದಶಕದ ಮಾತು. ತಿಳವಳ್ಳಿ ಹತ್ತಿರದ ನಮ್ಮ ಹೊಲದ ಬದುವಿಗೆ ಅಪ್ಪ ಪುಂಡಿ ಬಿತ್ತಿದ್ದ. ಅದರ ಎಲೆ ಕೈಬೆರಳು ಚಾಚಿದಂತೆ ಸೀಳಿರುತ್ತದೆ, ಪಲ್ಯ ಮಾಡಿದರೆ ಹುಳಿಹುಳಿ. ಪಕ್ಕದ ಹೊಲದ ಗೌಡರಿಗೆ ಮಾತ್ರ ಅದು ಗಾಂಜಾದಂತೆ ಕಂಡಿತು. ಚಾವಡಿಯಲ್ಲಿ ಹತ್ತು ಜನರೆದುರು ಹಾಗೆಂದು ಹೇಳಿಯೂ ಬಿಟ್ಟರು. ಎಲೆಅಡಿಕೆಯನ್ನೂ ಬಾಯಿಗೆ ಹಾಕದ ಅಪ್ಪ, ನಾಳೆ ಸಂಜೆಯೊಳಗೆ ಎಲ್ಲವನ್ನೂ ಕಿತ್ತುಬಿಡುತ್ತೇನೆಂದ. ನನಗೆ ಸಿಟ್ಟು ನೆತ್ತಿಗೇರಿತು. ಕಿತ್ತರೆ ತಪ್ಪು ಒಪ್ಪಿಕೊಂಡಂತೆಯೇ ಅಲ್ಲವೇ?

ಆಗ ನನಗೆ ಹದಿನೆಂಟು, ಮೆಟ್ರಿಕ್ ಪಾಸಾದ ಹುಡುಗಿ ಎಂಬ ಸೊಕ್ಕು ಬೇರೆ. ಗಾಂಜಾ ಹೌದೋ ಅಲ್ಲವೋ ನೋಡಲು ಕೇಂದ್ರ ಸರ್ಕಾರದ ಕಚೇರಿ ಇದೆಯೆಂದು ಪೇಪರಿನಲ್ಲಿ ಓದಿದ್ದೆ. ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಸಿವುಡು ಪುಂಡಿ ಕಟ್ಟಿ ಕಂಕುಳಲ್ಲಿಟ್ಟುಕೊಂಡು, ಅವ್ವ ಕಟ್ಟಿದ ಬುತ್ತಿ ಹಿಡಿದು ಬಸ್ ಹತ್ತಿದೆ. ಹಾನಗಲ್ಲಿನಲ್ಲಿ ಇಳಿದು, ಗಾಂಜಾ ಆಫೀಸು ಎಲ್ಲಿದೆ ಎಂದು ಕಂಡಕಂಡವರನ್ನು ಕೇಳಿದೆ. ಜನ ನನ್ನ ಮುಖ ನೋಡಿದರು, ಕಂಕುಳು ನೋಡಿದರು, ಸುಮ್ಮನೆ ಸರಿದುಹೋದರು. ಅಂಗಡಿಯವನೊಬ್ಬ ಮಾತ್ರ, ಈ ಮಾಲಿಗೆ ಇಲ್ಲಿ ಗಿರಾಕಿ ಇಲ್ಲ ಎಂದು ಮೆಲ್ಲಗೆ ಹೇಳಿದ. ಕಡೆಗೆ ತಾಲೂಕು ಕಚೇರಿಯ ಸಿಪಾಯಿ ಶಿಗ್ಗಾವಿಗೆ ಹೋಗೆಂದ. ಅಲ್ಲಿ ತಂಬಾಕಿನ ಸುಂಕ ನೋಡುವ ಕೇಂದ್ರ ಸರ್ಕಾರದವರೇ ಗಾಂಜಾ, ಅಫೀಮನ್ನೂ ನೋಡುತ್ತಾರಂತೆ.

ಶಿಗ್ಗಾವಿಯಲ್ಲಿ ಹಿಟ್ಟಿನ ಗಿರಣಿಯ ಮಾಳಿಗೆ ಮೇಲೆ ಆ ಕಚೇರಿ ಸಿಕ್ಕಿತು. ಸಾಹೇಬರು ಮೈಸೂರು ಕಡೆಯವರು, ಪುಂಡಿ ಕಂಡವರಲ್ಲ. ಸಿವುಡು ಮೇಜಿನ ಮೇಲಿಟ್ಟದ್ದೇ ತಡ, ಕುರ್ಚಿ ಹಿಂದೆ ಸರಿಸಿದರು. ನಾನು ಬಂದ ಕಾರಣ ಹೇಳಿದೆ. ಬುತ್ತಿ ಬಿಚ್ಚಿ, ಅದೇ ಸೊಪ್ಪಿನ ಪಲ್ಯವನ್ನು ರೊಟ್ಟಿಯ ಮೇಲೆ ಹಾಕಿ ಮುಂದಿಟ್ಟೆ.

"ತಿಂದು ನೋಡ್ರಿ ಸಾಹೇಬ್ರ. ಅಮಲು ಏರಿದ್ರ ನನ್ನ ಜೇಲಿಗೆ ಹಾಕ್ರಿ."

ಅವರು ಮೊದಲು ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರು, ಮೂಸಿದರು, ತುದಿ ಕಚ್ಚಿದರು. ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚಿತು. ಆಮೇಲೆ ಎರಡು ರೊಟ್ಟಿ ಖಾಲಿಯಾದವು. ಇದು ಗಾಂಜಾ ಅಲ್ಲ ಎಂದು ಬರೆದು, ಮೊಹರು ಒತ್ತಿ ಕೊಟ್ಟರು. ಯಾರು ಬಂದು ಕೇಳಿದರೂ ನೋಡಿ ಹೇಳುವುದು ತಮ್ಮ ಕೆಲಸವೇ, ಆದರೆ ಹೆದರಿ ಯಾರೂ ಮೆಟ್ಟಿಲು ಹತ್ತುವುದಿಲ್ಲ ಎಂದರು.

ಊರು ಮುಟ್ಟುವಷ್ಟರಲ್ಲಿ ಅಪ್ಪ ಒಂದು ಸಾಲು ಕಿತ್ತಾಗಿತ್ತು. ಓಡಿಹೋಗಿ ಕಾಗದ ಕೈಗಿಟ್ಟೆ. ಓದು ಬಾರದ ಅವನು ಮೊಹರನ್ನು ಬೆರಳಿನಿಂದ ಸವರಿದ. ಅಂದೇ ನನ್ನನ್ನು ಚಾವಡಿಗೆ ಕರೆದೊಯ್ದು, ಗೌಡರೂ ಸೇರಿ ಅದೇ ಹತ್ತು ಜನರೆದುರು ಓದಿಸಿದ. ಸುಳ್ಳೇಕೆ ಹೇಳಲಿ, ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

"ಇನ್ನೊಮ್ಮೆ ಓದವ್ವ," ಎಂದ ಅಪ್ಪ. "ಜೋರಾಗಿ ಓದು."

ಮರುವರ್ಷ ಅವನು ಪುಂಡಿಯನ್ನು ಗೌಡರು ದಿನಾ ಓಡಾಡುವ ದಾರಿಯ ಬದಿಗೇ ಬಿತ್ತಿದ.